ಕಡಿಮೆ ಓಡಿದ ಗಾಡಿ

ಯಾಕೆ ಇಷ್ಟು ಕಡಿಮೆ ಓಡಿದೆ ಎಂದು ಗಾಡಿ ನೋಡಲು ಬರುವವರು ಕೇಳಿಯೇ ಕೇಳುತ್ತಾರೆ. ಹಲ್ಲುಜ್ಜುವಾಗ ಅದಕ್ಕೊಂದು ಉತ್ತರ ಹೊಳೆದಿತ್ತು, ಗಡ್ಡ ಕೆರೆಯುವಾಗ ಇನ್ನೊಂದು. ಈಗ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿರುವಾಗ ಎರಡೂ ಕೆಲಸಕ್ಕೆ ಬಾರದವು ಎನ್ನಿಸಿತು. ಮೊಣಕಾಲು ನೋವು ಎನ್ನೋಣವೆಂದರೆ, ಮೆಟ್ಟಿಲು ಇಳಿದು ಹೋಗಿ ಗೇಟು ತೆಗೆಯಬೇಕಾದವನು ತಾನೇ. ಹೆಂಡತಿಗೆ ಪ್ರಯಾಣ ಆಗಿಬರುವುದಿಲ್ಲ ಎನ್ನೋಣವೆಂದರೆ ಇವಳು ಪಕ್ಕದಲ್ಲೇ ನಿಂತು, 'ಯಾರಿಗೆ, ನನಗಾ?' ಎಂದು ಕೇಳಿಬಿಡುವವಳು. ಜಾಹೀರಾತು ಕೊಡುವಾಗ 'ಬಹಳ ಕಡಿಮೆ ಓಡಿದೆ' ಎಂಬುದನ್ನೇ ಎಲ್ಲಕ್ಕಿಂತ ಮೇಲೆ ಹಾಕಿಸಿದ್ದ. ಅದೇ ದೊಡ್ಡ ಗುಣ ಎಂದುಕೊಂಡಿದ್ದ. ಫೋನು ಮಾಡಿದವರೆಲ್ಲ ಮೊದಲು ಹಿಡಿದದ್ದು ಅದನ್ನೇ. ಅಪಘಾತ ಆಗಿತ್ತಾ? ಒಳಗೆ ಯಾರಾದರೂ ಸತ್ತಿದ್ದರಾ? ಕೋರ್ಟಿನಲ್ಲಿ ನಿಂತಿದ್ದ ಗಾಡಿಯಾ? ಅವನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನೌಕರಿಯಲ್ಲಿದ್ದಾಗ, ತೂಕಕ್ಕಿಂತ ಹೆಚ್ಚು ತೂಗಿ ಕೊಡುವ ಅಂಗಡಿಯವನನ್ನು ಕಂಡರೆ ತನಗೂ ಮೊದಲು ಬರುತ್ತಿದ್ದದ್ದು ಅನುಮಾನವೇ.

ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರಾಗಿ ಅಂಗಡಿ ಅಂಗಡಿ ಅಲೆದು, ತಕ್ಕಡಿಗಳನ್ನೂ ಸೀಮೆಎಣ್ಣೆ ಅಳೆಯುವ ಡಬ್ಬಿಗಳನ್ನೂ ಪೆಟ್ರೋಲ್ ಪಂಪಿನ ಮೀಟರುಗಳನ್ನೂ ಪರೀಕ್ಷಿಸಿ ಸೀಲು ಒತ್ತಿ ಅವನು ಮುದುಕನಾಗಿದ್ದ. ಮಾರುಕಟ್ಟೆಯವರು ಬೆನ್ನ ಹಿಂದೆ ಸೀಲಪ್ಪ ಎನ್ನುತ್ತಿದ್ದರು. ಅದು ಅವನಿಗೆ ಗೊತ್ತಿತ್ತು, ಒಳಗೊಳಗೇ ಹಿತವೂ ಆಗುತ್ತಿತ್ತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮಾತಾಡಲು ನಿಂತವನಿಗೆ ಏನು ಹೇಳಬೇಕೆಂದು ತೋಚದೆ, ಹೊಸ ವ್ಯಾನು ಕೊಂಡಿದ್ದೇನೆ, ಅದರೊಳಗೆ ಮನೆಯನ್ನೇ ಕಟ್ಟಿಸುತ್ತಿದ್ದೇನೆ, ಇನ್ನು ನಾವಿಬ್ಬರೂ ದೇಶವೆಲ್ಲ ಸುತ್ತುತ್ತೇವೆ ಎಂದುಬಿಟ್ಟಿದ್ದ. ಚಪ್ಪಾಳೆ ಬಿತ್ತು. ಇವಳು ಮೊದಲ ಸಾಲಿನಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಬಡಗಿ ಬಂದು ಸಾಮಾನು ಸಾಗಿಸುವ ಆ ವ್ಯಾನಿನ ಹೊಟ್ಟೆಯೊಳಗೆ ಮಡಚುವ ಮಂಚ ಕೂರಿಸಿದ, ಒಂದು ಕಡೆ ಗ್ಯಾಸ್ ಒಲೆ, ಅದರ ಪಕ್ಕ ತಟ್ಟೆಯಷ್ಟಗಲದ ಸಿಂಕು, ಮೇಲೆ ಬಾಗಿಲುಳ್ಳ ಗೂಡುಗಳು. ಇವಳು ಕಿಟಕಿಗಳಿಗೆ ಪರದೆ ಹೊಲಿದಳು. ಆಮೇಲೆ ಮಾರುಕಟ್ಟೆಯಲ್ಲಿ ಹಳೆಯ ಸಹೋದ್ಯೋಗಿ ಸಿಕ್ಕು, 'ಅರೆ, ಇನ್ನೂ ಇಲ್ಲೇ ಇದ್ದೀರಾ?' ಎಂದು ಕೇಳಿದ ದಿನದಿಂದ ಅವನು ತರಕಾರಿ ತರಲು ಬೇರೆ ದಾರಿ ಹಿಡಿದ. ಇವತ್ತು ಗಾಡಿ ಹೋಗಿಬಿಟ್ಟರೆ ಕೇಳುವವರಿಗೆ ಕಾರಣವಾದರೂ ಎಲ್ಲಿ ಉಳಿಯುತ್ತದೆ? ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತ ಅವನು ಬೇಡಿಕೊಂಡದ್ದು ಇಷ್ಟೇ, ಯಾರಿಗೂ ಏನೂ ಹೇಳಬೇಕಾಗದೆ ಇದೊಂದು ಮನೆಯಿಂದಾಚೆ ಹೋಗಲಿ.

ಯಾಕೆಂದರೆ ಹೇಳಬೇಕಾದದ್ದು ಹೇಳುವಂಥದ್ದಲ್ಲ. ಊರ ಹೊರಗೆ ನದಿಗೊಂದು ಸೇತುವೆಯಿದೆ. ಉದ್ದದ ಸೇತುವೆ, ಮೊಣಕಾಲೆತ್ತರದ ಕಟ್ಟೆ, ಎದುರಿನಿಂದ ಲಾರಿಗಳು. ಮೊದಲ ಪ್ರಯಾಣದ ದಿನ ಅದು ಕಣ್ಣಿಗೆ ಬಿದ್ದದ್ದೇ ಅವನ ಅಂಗೈ ತಣ್ಣಗಾಯಿತು. ಎದೆಯೊಳಗೆ ಯಾರೋ ಹಗ್ಗ ಬಿಗಿದ ಹಾಗೆ ಉಸಿರು ಅರ್ಧಕ್ಕೇ ನಿಂತಿತು. ಸೇತುವೆಗಿಂತ ಅದರಾಚೆಯ ರಸ್ತೆಯೇ ಹೆಚ್ಚು ಹೆದರಿಸಿತು. ಅಲ್ಲಿ ಯಾರಿಗೂ ತಾನು ಸೀಲಪ್ಪನಲ್ಲ, ಯಾವ ತಕ್ಕಡಿಯೂ ತನ್ನನ್ನು ಕಂಡು ನೆಟ್ಟಗಾಗುವುದಿಲ್ಲ. ಗಾಡಿಯನ್ನು ಪಕ್ಕಕ್ಕೆ ಹಾಕಿ, 'ಇವಳೇ, ಮನೇಲಿ ಗ್ಯಾಸ್ ಆರಿಸಿಲ್ಲ ಅನ್ಸುತ್ತೆ ಕಣೇ' ಎಂದ. ಇವಳು ಒಂದು ಗಳಿಗೆ ಮುಂದಿನ ಗಾಜನ್ನು ನೋಡಿ, 'ಹಾಗಾದ್ರೆ ತಿರುಗಿಸಿ' ಎಂದಳು. ಇನ್ನೊಂದು ಸಲ ಹೊರಟಾಗಲೂ ಗ್ಯಾಸೇ. ಮತ್ತೊಂದು ಸಲ ಹಿತ್ತಲ ಬಾಗಿಲ ಚಿಲಕ. ಆಮೇಲೆ ಮತ್ತೆ ಗ್ಯಾಸು, ಬೇರೆ ನೆಪ ಹುಡುಕುವಷ್ಟು ಉಸಿರೂ ಅಲ್ಲಿ ಇರುತ್ತಿರಲಿಲ್ಲ. ಪ್ರತಿಸಲವೂ ಇವಳು ಪಾತ್ರೆಗಳನ್ನು ವ್ಯಾನಿನ ಗೂಡಿನಿಂದ ತೆಗೆದು ಅಡುಗೆಮನೆಯ ಗೂಡಿಗೆ ಇಡುವುದನ್ನು ಅವನು ಕಂಡೂ ಕಾಣದಂತಿದ್ದ. ಪಾಪ, ಹೊರಡುವಾಗ ಎಷ್ಟು ಅಚ್ಚುಕಟ್ಟಾಗಿ ಜೋಡಿಸಿರುತ್ತಿದ್ದಳು! ತಾನು ಇವಳಿಗೆ ಮಾಡಿದ ಮೋಸಕ್ಕೆ ಯಾವ ಇಲಾಖೆಯಲ್ಲಿ ದಂಡ ಕಟ್ಟಬೇಕು? ಒಂದು ದಿನ ಇಬ್ಬರೂ ಹೊರಡುವ ಮಾತು ಬಿಟ್ಟರು, ಯಾವತ್ತು ಬಿಟ್ಟರೆಂಬುದು ಇಬ್ಬರಿಗೂ ನೆನಪಿಲ್ಲ.

ಗೇಟು ಸದ್ದಾಯಿತು. ಬಂದವರು ಇಬ್ಬರು, ಬಸ್ಸಿಳಿದು ನಡೆದು ಬಂದಿದ್ದರು. ಕೊಳ್ಳುವವಳು ಕನ್ನಡಕದ ಅಂಗಡಿಯವಳು. ಸಣ್ಣ ಸಣ್ಣ ಊರುಗಳಿಗೆ ತಾನೇ ಹೋಗಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡಬೇಕು, ಅದಕ್ಕೆ ಗಾಡಿ ಬೇಕು ಎಂದು ಫೋನಿನಲ್ಲೇ ಹೇಳಿದ್ದಳು. ಜೊತೆಯಲ್ಲಿದ್ದವನು ಅವಳ ಅಕ್ಕನ ಗಂಡ, ಗ್ಯಾರೇಜಿಟ್ಟುಕೊಂಡ ಮೆಕ್ಯಾನಿಕ್ಕು, ಬಂದವನೇ ನಮಸ್ಕಾರಕ್ಕೆ ಮುಂಚೆ ಟೈರಿಗೆ ಒದ್ದ. ಇವಳು ನೀರು ತಂದು ಕೊಟ್ಟು ಅಲ್ಲೇ ನಿಂತಳು. ಕನ್ನಡಕದವಳು ವ್ಯಾನಿನೊಳಗೆ ಹತ್ತಿ ಪರದೆ ಸರಿಸಿ, ಮಂಚ ಮಡಚಿ, ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತು ಎದುರಿನ ತಗಡಿನ ಗೋಡೆಯನ್ನು ಕಣ್ಣು ಕಿರಿದು ಮಾಡಿ ನೋಡಿದಳು. 'ಅಕ್ಷರದ ಹಲಗೆ ಅಲ್ಲಿ ಹಾಕಿದ್ರೆ ದೂರ ಸಾಲಲ್ಲ. ಒಂದು ಕನ್ನಡಿ ಇಟ್ರೆ ಸಾಕು, ದೂರ ಎರಡರಷ್ಟಾಗುತ್ತೆ' ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಪರದೆಯ ಅಂಚನ್ನು ಬೆರಳಲ್ಲಿ ತಿರುವಿ, 'ಯಾರು ಹೊಲಿದಿದ್ದು ಅಮ್ಮಾ? ಎಷ್ಟು ನೀಟಾಗಿದೆ' ಎಂದಳು. ಇವಳ ಮುಖ ಅರಳಿತು. ಎಲ್ಲವೂ ಸರಿಯಾಗಿಯೇ ನಡೆಯುತ್ತಿದೆ ಎಂದು ಅವನು ಉಸಿರು ಬಿಡುವಷ್ಟರಲ್ಲಿ ಮೆಕ್ಯಾನಿಕ್ಕು ಮುಂದಿನ ಬಾಗಿಲಿನಿಂದ ತಲೆ ಹೊರಹಾಕಿ, 'ಯಜಮಾನ್ರೇ, ಒಂಚೂರು ಬನ್ನಿ ಇಲ್ಲಿ' ಎಂದ.

ಹೋದ. ಮೆಕ್ಯಾನಿಕ್ಕು ಚಾಲಕನ ಸೀಟಿನ ಮೇಲೆ ಅಂಗೈಯೂರಿ ಒತ್ತಿದ. ಸೀಟು ನಡುವೆ ಹಳ್ಳ ಬಿದ್ದಿತ್ತು, ಎಡಗಡೆಯ ಅಂಚಿನಲ್ಲಿ ಹೊಲಿಗೆ ಬಿಟ್ಟು ಸ್ಪಂಜು ಇಣುಕುತ್ತಿತ್ತು. 'ಇದು ನೋಡಿ. ಸ್ಟೀರಿಂಗ್ ನೋಡಿ, ಕೈ ಹಿಡಿದೂ ಹಿಡಿದೂ ಕನ್ನಡಿ ಆಗಿದೆ. ಕ್ಲಚ್ಚಿನ ರಬ್ಬರು ನೋಡಿ, ಗೆರೆ ಒಂದೂ ಇಲ್ಲ. ಗೇರಿನ ಗುಂಡಿ ಮೇಲೆ ನಂಬರ್ ಎಲ್ಲಿದೆ? ಅಳಿಸಿಹೋಗಿದೆ.' ಆಮೇಲೆ ಮೀಟರಿನ ಗಾಜಿನ ಮೇಲೆ ಉಗುರಿನಿಂದ ಟಕಟಕ ಎನ್ನಿಸಿದ. 'ಈ ಮಾರಾಯ ಮಾತ್ರ ಗಾಡಿ ಈಗ ತಾನೇ ಅಂಗಡಿಯಿಂದ ಬಂತು ಅಂತಿದಾನೆ. ಎಷ್ಟು ಹಿಂದಕ್ಕೆ ತಿರುಗಿಸಿದ್ರಿ?' ಅವನ ಕಿವಿಯ ಹಿಂದೆ ಬಿಸಿಯೇರಿತು. ನಗಬೇಕೆಂದುಕೊಂಡ, ತುಟಿ ಒಪ್ಪಲಿಲ್ಲ. 'ಮೀಟರ್ ಯಾರೂ ಮುಟ್ಟಿಲ್ಲ. ಸೀಟು ಸ್ವಲ್ಪ ಸವೆದಿದೆ, ಅಷ್ಟೆ' ಎಂದ. 'ಸರಿ ಬಿಡಿ, ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯ್ತು' ಎಂದು ಮೆಕ್ಯಾನಿಕ್ಕು ಕೈಯೊರೆಸಿಕೊಂಡ. 'ಏನು ಕೆಲಸದಲ್ಲಿದ್ರಿ ಯಜಮಾನ್ರೇ?' ಸುಳ್ಳು ಹೇಳಬಹುದಿತ್ತು, ಆದರೆ ಅಭ್ಯಾಸಬಲ, ಇಲಾಖೆಯ ಹೆಸರು ಪೂರ್ತಿಯಾಗಿ ಬಾಯಿಗೆ ಬಂತು. ಮೆಕ್ಯಾನಿಕ್ಕು ಜೋರಾಗಿ ನಕ್ಕ. 'ಬೇಲೀನೇ ಎದ್ದು ಹೊಲ ಮೇಯ್ತು ಅನ್ನಿ!'

ಆ ನಗೆಯ ನಡುವೆ ಅವನಿಗೆ ಎಣ್ಣೆ ಅಂಗಡಿಯವನೊಬ್ಬನ ಮುಖ ಕಂಡಿತು. ಯಾವ ಕಾಲದ್ದೋ. ಅವನ ಅಳತೆಯ ಡಬ್ಬಿ ತಪ್ಪಾಗಿತ್ತು, ಆದರೆ ಗಿರಾಕಿಗೆ ಹೆಚ್ಚು ಹೋಗುವ ಹಾಗೆ ತಪ್ಪಾಗಿತ್ತು. ಯಾಕೋ ಹೀಗೆ ಎಂದು ಎಷ್ಟು ಕೇಳಿದರೂ ಆ ಮನುಷ್ಯ ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ನೆಲ ನೋಡಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಹಿಡಿಯುವುದೇ ತನ್ನ ಕೆಲಸ, ಬಾಯಿ ಬಿಡದವನು ತಪ್ಪಿತಸ್ಥನೇ ಎಂದು ಅವತ್ತು ಹೆಮ್ಮೆಯಿಂದ ಬರೆದುಕೊಂಡು ಬಂದಿದ್ದ. ಬಾಯಿ ಬಿಡದಿರಲು ಬೇರೆ ಕಾರಣವೂ ಇರಬಹುದೆಂದು ಈಗ ತಿಳಿಯಿತು, ತಾನೇ ಎರಡೂ ಕೈಯನ್ನು ಶರ್ಟಿಗೆ ಒರೆಸಿಕೊಳ್ಳುತ್ತ ನಿಂತಿರುವಾಗ. ಮೋಸಗಾರ ಎಂದು ಒಪ್ಪಿಕೊಂಡರೆ ಇವರು ಹೊರಟುಹೋಗುತ್ತಾರೆ. ಇಲ್ಲವೆನ್ನಬೇಕಾದರೆ ಆ ಸೀಟಿನ ಹಳ್ಳ ಎಲ್ಲಿಂದ ಬಂತೆಂದು ಹೇಳಬೇಕು. ಹೆದರುಪುಕ್ಕಲನೆಂದು ಇವಳ ಎದುರಿಗೇ, ಗುರುತಿಲ್ಲದ ಇಬ್ಬರ ಎದುರಿಗೆ. ಕನ್ನಡಕದವಳು ವ್ಯಾನಿನಿಂದ ಇಳಿದು ಚಪ್ಪಲಿ ಹುಡುಕತೊಡಗಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. 'ಪರದೆ ಚೆನ್ನಾಗಿತ್ತು' ಎಂದಳು.

ಆಗ ಇವಳು ಮಾತಾಡಿದಳು. 'ಮೀಟರ್ ತಿರುಗಿಸೋ ಧೈರ್ಯ ಇವರಿಗೆಲ್ಲಿಂದ ಬರ್ಬೇಕು? ನಾಣ್ಯ ಸಿಕ್ಕಿದ್ರೆ ಯಾರದ್ದು ಅಂತ ಬೀದಿ ಪೂರ್ತಿ ಕೇಳ್ಕೊಂಡು ಬರ್ತಾರೆ. ಸೀಟು ಸವೆದಿರೋದು ಕೂತೂ ಕೂತೂ.' ಲೋಟಗಳನ್ನು ಒಂದರೊಳಗೊಂದು ಹಾಕುತ್ತ, ನಿನ್ನೆಯ ಹಾಲಿನ ವಿಷಯ ಹೇಳುವ ದನಿಯಲ್ಲಿ ಹೇಳಿದಳು. 'ದಿನಾ ಸಂಜೆ ಹೋಗಿ ಕೂತ್ಕೋತಾರೆ. ಗಾಡಿ ಒರೆಸ್ತೀನಿ ಅಂತ ಒಂದು ಬಟ್ಟೆ ಹಿಡ್ಕೊಂಡು ಹೋಗ್ತಾರೆ. ಆ ಬಟ್ಟೆ ಒಂದು ದಿನಾನೂ ಒಗೆಯೋಕೆ ಬಿದ್ದಿಲ್ಲ. ಸ್ಟೀರಿಂಗ್ ಹಿಡ್ಕೊಂಡು, ಕ್ಲಚ್ ಒತ್ತಿ, ಗೇರ್ ಹಾಕಿ, ತಿರುವಲ್ಲಿ ಸ್ವಲ್ಪ ವಾಲಿ... ಅಡುಗೆಮನೆ ಕಿಟಕೀಲಿ ಎಲ್ಲಾ ಕಾಣುತ್ತಪ್ಪ. ಒಂದೊಂದು ದಿನ ಎದುರಿಗೆ ಲಾರಿ ಬಂದವರ ಹಾಗೆ ಬ್ರೇಕ್ ಹಾಕ್ತಾರೆ.'

ಅವನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಬೇಕಿತ್ತು. ಎಷ್ಟೋ ಸಂಜೆ ಅದೇ ಸೀಟಿನಲ್ಲಿ ಕೂತು, ಇವಳು ಅಕಸ್ಮಾತ್ ಬಾಗಿಲಿಗೆ ಬಂದರೆ ಎಂದು ಬಟ್ಟೆಯನ್ನು ತೊಡೆಯ ಮೇಲೇ ಇಟ್ಟುಕೊಂಡು, ಕಣ್ಣು ಅರೆಮುಚ್ಚಿ ಸೇತುವೆಯವರೆಗೆ ಹೋಗುತ್ತಿದ್ದ. ಒಮ್ಮೊಮ್ಮೆ ಅರ್ಧದವರೆಗೂ ಹೋಗಿದ್ದ, ಎಂಜಿನ್ನು ಆರಿಯೇ ಇರುವಾಗಲೂ ಅಂಗೈ ತಣ್ಣಗಾಗುತ್ತಿತ್ತು. ಅದು ಇಡೀ ಲೋಕದಲ್ಲಿ ತನ್ನೊಬ್ಬನಿಗೇ ಗೊತ್ತು ಎಂದುಕೊಂಡಿದ್ದ. ಈಗ ಅದು ಅಂಗಳದ ಬಿಸಿಲಿನಲ್ಲಿ, ನಾಲ್ಕು ಜನರ ನಡುವೆ, ಲೋಟಗಳ ಪಕ್ಕದಲ್ಲಿ ಬಿದ್ದಿತ್ತು. ವಿಚಿತ್ರವೆಂದರೆ ಹಾಗೆ ಬಿದ್ದಮೇಲೆ ಅದು ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ. ಮೆಕ್ಯಾನಿಕ್ಕು ಸೀಟನ್ನು ಇನ್ನೊಮ್ಮೆ ನೋಡಿದ, ಬಾನೆಟ್ಟು ಎತ್ತಿ ಬೆಲ್ಟನ್ನು ಬೆರಳಲ್ಲಿ ಎಳೆದ, ಬಗ್ಗಿ ಕೆಳಗಿನ ಪೈಪುಗಳನ್ನು ತಟ್ಟಿದ. ಎದ್ದು ಬಂದಾಗ ದನಿ ಬೇರೆಯಾಗಿತ್ತು. 'ಒಳಗಡೆ ಎಲ್ಲಾ ಹೊಸದೇ ಇದೆ. ಇಂಜಿನ್ನು ಸುಳ್ಳು ಹೇಳಲ್ಲ. ತಪ್ಪು ತಿಳ್ಕೊಂಡೆ ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ.' ಆಮೇಲೆ ತಡೆಯಲಾರದೆ ಇವಳನ್ನು ಕೇಳಿದ, 'ಅಲ್ಲಮ್ಮಾ, ನೀವು ಒಂದು ದಿನಾನೂ ಏನ್ರೀ ಇದು ಅಂತ ಕೇಳ್ಲಿಲ್ವಾ?' ಇವಳು ಲೋಟಗಳನ್ನು ಎದೆಗೊತ್ತಿಕೊಂಡು, 'ಯಾಕೆ ಕೇಳ್ಲಿ? ರಿಟೈರ್ ಆದ್ಮೇಲೆ ಮನೇಲಿ ಉಪ್ಪಿನ ಡಬ್ಬಾನೂ ತೂಗಿ ನೋಡ್ತಿದ್ರು. ಆ ಒಂದು ಗಂಟೆ ನಂಗೆ ಎಷ್ಟು ನೆಮ್ಮದಿ ಇತ್ತು ಗೊತ್ತಾ?' ಎಂದಳು. ಮೊದಲು ನಕ್ಕವಳು ಕನ್ನಡಕದವಳು. ಆಮೇಲೆ ಅವನೇ ನಕ್ಕ, ಮೂಗಿನಿಂದ ವಿಚಿತ್ರ ಸದ್ದು ಮಾಡುತ್ತ, ಬಹಳ ದಿನ ಚಾಲೂ ಆಗದ ಎಂಜಿನ್ನಿನ ಹಾಗೆ.

ಓಡಿಸಿ ನೋಡಬೇಕಲ್ಲ ಎಂದಳು ಕನ್ನಡಕದವಳು. ಎಲ್ಲರೂ ಹೋಗೋಣ, ಕಾಗದಪತ್ರವನ್ನೂ ಇಟ್ಟುಕೊಳ್ಳಿ, ಸರಿಹೋದರೆ ಅಲ್ಲಿಂದಲೇ ನಾವು ಹೊರಟುಬಿಡುತ್ತೇವೆ, ನಮ್ಮ ಊರು ಸೇತುವೆಯಾಚೆಗೇ ಎಂದಳು. ಸೇತುವೆ ಎಂದಾಗ ಅವನು ಇವಳ ಕಡೆ ನೋಡಿದ, ಇವಳು ಒಳಗೆ ಹೋಗಿ ಬಾಗಿಲುಗಳನ್ನು ಹಾಕಿ, ಹಾಲಿನ ಪಾತ್ರೆ ಮತ್ತು ಟೀಪುಡಿ ಹಿಡಿದುಕೊಂಡು ಬಂದಳು. ಕನ್ನಡಕದವಳು ಸ್ಟೀರಿಂಗ್ ಹಿಡಿದಳು, ಭಾವ ಪಕ್ಕದಲ್ಲಿ ಕೂತು ಗೇರಿನ ಸದ್ದಿಗೆ ಕಿವಿಗೊಟ್ಟ. ಅವನೂ ಇವಳೂ ಹಿಂದೆ ಮಡಚಿದ ಮಂಚವನ್ನು ಬಿಡಿಸಿ ಅದರ ಮೇಲೆ ಅಡ್ಡಡ್ಡ ಕೂತರು. ಇಲ್ಲಿಂದ ರಸ್ತೆ ಕಾಣುತ್ತಿರಲಿಲ್ಲ, ಪಕ್ಕದ ಕಿಟಕಿಯ ಪರದೆಯ ಸಂದಿಯಲ್ಲಿ ಗೋಡೆಗಳು, ಗೇಟುಗಳು, ಒಣಗಲು ಹಾಕಿದ ಬಟ್ಟೆಗಳು ಸರಿಯುತ್ತಿದ್ದವು. ಗೂಡಿನ ಬಾಗಿಲುಗಳು ಒಂದೇ ಸಮನೆ ಟಪಟಪ ಎನ್ನುತ್ತಿದ್ದವು. ಮುಂದೆ ಕೂತಾಗ ಈ ಸದ್ದು ಅವನಿಗೆ ಕೇಳಿಸಿಯೇ ಇರಲಿಲ್ಲ. ಟೈರಿನ ಸದ್ದು ಬದಲಾಯಿತು, ಕೆಳಗೆ ಟೊಳ್ಳಿದೆ ಎನ್ನುವ ಸದ್ದು. ಅಂಗೈ ತಣ್ಣಗಾಯಿತು. ಇವಳು ಹಾಲಿನ ಪಾತ್ರೆಯನ್ನು ಅವನ ಕೈಗೆ ಕೊಟ್ಟು, 'ಚೆಲ್ಲದ ಹಾಗೆ ಹಿಡ್ಕೊಳ್ಳಿ' ಎಂದಳು. ಅವನು ಎರಡೂ ಕೈಯಲ್ಲಿ ಪಾತ್ರೆ ಹಿಡಿದು ಹಾಲನ್ನೇ ನೋಡುತ್ತ ಕೂತ. ಹಾಲು ಅತ್ತ ವಾಲಿತು, ಇತ್ತ ವಾಲಿತು, ಕೆನೆ ಅಂಚಿನವರೆಗೆ ಬಂದು ಹಿಂದೆ ಸರಿಯಿತು. ಆಮೇಲೆ ಟೈರಿನ ಸದ್ದು ಮತ್ತೆ ಮೊದಲಿನಂತಾಯಿತು.

ಗಾಡಿ ನಿಂತ ಮೇಲೆ ಇಳಿದು ನೋಡಿದ. ಇಷ್ಟು ವರ್ಷ ಹೆದರಿಸಿದ ಆಚೆ ದಡ ಇದೇ. ಒಂದು ಟೈರು ಪಂಕ್ಚರಿನ ಅಂಗಡಿ, ಬಾಗಿಲು ಹಾಕಿದ ಇನ್ನೊಂದು ಅಂಗಡಿ, ಬಸ್ ಸ್ಟಾಪಿನ ಸಿಮೆಂಟು ಬೆಂಚು, ಅದರ ಕೆಳಗೆ ಮಲಗಿದ ನಾಯಿ. ಪಂಕ್ಚರಿನವನು ಅವನನ್ನು ನೋಡಿ, ಗಿರಾಕಿಯಲ್ಲವೆಂದು ತಿಳಿದು, ಮತ್ತೆ ತನ್ನ ಟ್ಯೂಬಿನ ಕಡೆ ತಿರುಗಿದ. ಅಷ್ಟೇ. ಅವನಿಗೆ ಸ್ವಲ್ಪ ನಿರಾಶೆಯೂ ಆಯಿತು. ಇವಳು ವ್ಯಾನಿನ ಒಲೆಯನ್ನು ಹಚ್ಚಿ ಟೀ ಮಾಡಿದಳು, ಆ ಒಲೆಯ ಮೇಲೆ ಮೊದಲ ಸಲ. ಮೆಕ್ಯಾನಿಕ್ಕು ಎರಡು ಸಲ ಹಾಕಿಸಿಕೊಂಡು ಕುಡಿದು, ಒಲೆ ಚೆನ್ನಾಗಿದೆ ಎಂದು ತೀರ್ಪು ಕೊಟ್ಟ. ಕನ್ನಡಕದವಳು ಹಣ ಕೊಟ್ಟು, ಕಾಗದಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತ, 'ಸಾರ್, ಸೀಟು ಬದಲಾಯಿಸಲ್ಲ. ಹಳ್ಳ ನಂಗೂ ಸರಿಯಾಗೇ ಕೂತ್ಕೊಂಡಿದೆ' ಎಂದಳು. ಮನೆವರೆಗೆ ಬಿಟ್ಟು ಬರುತ್ತೇವೆ ಎಂದರೆ ಇವಳು ಒಪ್ಪಲಿಲ್ಲ, ಬಸ್ಸಿದೆಯಲ್ಲ ಎಂದಳು. ವ್ಯಾನು ಹೊರಟಿತು. ಹಿಂಗಾಜಿನಲ್ಲಿ ಇವಳು ಹೊಲಿದ ಪರದೆ ಸ್ವಲ್ಪ ದೂರ ಅಲುಗಾಡುತ್ತ ಕಂಡು, ತಿರುವಿನಲ್ಲಿ ಕಾಣದಾಯಿತು. ಅವನು ಕಾದ, ದುಃಖ ಬರಬಹುದೆಂದು. ಬಂದದ್ದು ಹಗುರ. ಬಿಗಿಯಾದ ಷೂ ಕಳಚಿ ಕಾಲ್ಬೆರಳು ಆಡಿಸಿದಾಗ ಆಗುವಂಥದ್ದು. ಅದಕ್ಕೆ ಬೇರೆ ದೊಡ್ಡ ಹೆಸರೇನೂ ಬೇಕಿರಲಿಲ್ಲ.

ಸಿಮೆಂಟು ಬೆಂಚಿನ ಮೇಲೆ ಕೂತಾಗ ಅವನು ಬಹಳ ದಿನದ ಮಾತೊಂದನ್ನು ಹೇಳಬೇಕೆಂದುಕೊಂಡ. 'ನಿನ್ನ ಎಲ್ಲಿಗೂ ಕರ್ಕೊಂಡು ಹೋಗ್ಲಿಲ್ಲ ನಾನು' ಎಂದ. ಮಾತು ತಾನು ಅಂದುಕೊಂಡದ್ದಕ್ಕಿಂತ ಒರಟಾಗಿ ಬಂತು. ಇವಳು ಖಾಲಿ ಪಾತ್ರೆಯೊಳಗೆ ಟೀಪುಡಿಯ ಪೊಟ್ಟಣ ಇಟ್ಟು ಮುಚ್ಚಳ ಹಾಕಿದಳು. 'ಆ ಮಂಚದ ಮೇಲೆ ಎಲ್ಲೋ ಕಾಡಲ್ಲಿ, ರಸ್ತೆ ಪಕ್ಕ ಮಲಗೋದು ನೆನೆಸಿಕೊಂಡ್ರೇ ನಂಗೆ ಭಯ ಆಗ್ತಿತ್ತು ಕಣ್ರೀ. ನೀವು ಅಷ್ಟು ಆಸೆ ಪಟ್ಟು ಎಲ್ಲರೆದುರಿಗೆ ಹೇಳ್ಬಿಟ್ಟಿದ್ರಿ, ಬೇಡ ಅನ್ನೋದು ಹೇಗೆ? ಸೇತುವೆ ಹತ್ರ ಬಂದಾಗೆಲ್ಲ ಮನಸಲ್ಲೇ ಬೇಡ್ಕೋತಿದ್ದೆ, ಇವತ್ತೂ ಇವರಿಗೆ ಗ್ಯಾಸ್ ನೆನಪಾಗ್ಲಿ ಅಂತ.' ಅವನು ಬಾಯಿ ತೆರೆದ. ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಹೊತ್ತ ಭಾರ ಬರೀ ಹುಲ್ಲಿನ ಮೂಟೆಯಾ? ಆಮೇಲೆ ಅನುಮಾನ. ನಿಜವೋ, ಅಥವಾ ತನ್ನ ಮುಖ ನೋಡಿ ಈಗ ತಕ್ಕಡಿಗೆ ಒಂದು ಹಿಡಿ ಹೆಚ್ಚು ಹಾಕುತ್ತಿದ್ದಾಳೋ? ಪಾತ್ರೆಗಳನ್ನು ಅಷ್ಟು ಅಚ್ಚುಕಟ್ಟಾಗಿ ಜೋಡಿಸಿದವಳು ಇವಳೇ. ಪರದೆಯ ಅಂಚನ್ನು ಎರಡು ಸಲ ಮಡಿಸಿ ಹೊಲಿದವಳು. ಕಣ್ಣಿನೊಳಕ್ಕೆ ನೋಡಿದರೆ ಗೊತ್ತಾಗುತ್ತಿತ್ತೇನೋ, ಜೀವಮಾನವೆಲ್ಲ ಅವನು ಮಾಡಿದ್ದು ಅದೇ ಕೆಲಸ. ನೋಡಲಿಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೆ ತೆಗೆದುಕೊಂಡ. 'ಮೊದಲೇ ಹೇಳಿದ್ರೆ ಬಡಗಿ ಖರ್ಚಾದ್ರೂ ಉಳೀತಿತ್ತು' ಎಂದ. 'ಕಂತೆಗೆ ತಕ್ಕ ಬೊಂತೆ ನಾವು' ಎಂದು ಇವಳು ಎದ್ದಳು, ಬಸ್ಸು ಬರುತ್ತಿತ್ತು.

ಬಸ್ಸಿನಲ್ಲಿ ಅವನಿಗೆ ಕಿಟಕಿಯ ಪಕ್ಕ ಜಾಗ ಬಿಟ್ಟಳು. ಪಾತ್ರೆ ಇವಳ ಮಡಿಲಲ್ಲಿತ್ತು. ಯಾರೋ ಡ್ರೈವರು, ಯಾರದೋ ಕೈ, ಅವನ ಕೈಗೆ ಮಾಡಲು ಕೆಲಸವೇ ಇರಲಿಲ್ಲ. ಸಂಜೆ ಬಟ್ಟೆ ಹಿಡಿದು ಎಲ್ಲಿಗೆ ಹೋಗುವುದು ಎಂದು ಒಮ್ಮೆ ಯೋಚನೆ ಬಂತು, ಇವಳ ಆ ಒಂದು ಗಂಟೆ ತಪ್ಪಬಾರದು, ಏನಾದರೂ ಮಾಡಬೇಕು. ನಗು ಬಂತು. ಹಳೆಯ ತುಂಟತನ ಎಲ್ಲಿತ್ತೋ ಮೇಲೆದ್ದು, ಇವಳ ಕಡೆ ವಾಲಿ ಗಂಭೀರವಾಗಿ ಕೇಳಿದ.

'ಇವಳೇ, ಮನೇಲಿ ಗ್ಯಾಸ್ ಆರಿಸಿದ್ಯಾ?'

ಇವಳು ನಗಲಿಲ್ಲ. ಮುಚ್ಚಳವನ್ನು ಬೆರಳಿನಿಂದ ಒತ್ತಿ ಸರಿ ಮಾಡುತ್ತ, ಎದುರಿನ ಸೀಟಿನ ಬೆನ್ನನ್ನು ನೋಡುತ್ತ ಹೇಳಿದಳು.

'ಆರಿಸಿದೀನಿ ಕಣ್ರೀ. ಯಾವಾಗ್ಲೂ ಆರಿಸೇ ಬಂದಿದೀನಿ.'

ಅವನು ಇವಳ ಕೈಯ ಮೇಲೆ ಕೈಯಿಟ್ಟ. ಬಹಳ ಹೊತ್ತಿನ ಮೇಲೆ ಸೇತುವೆ ನೋಡೋಣವೆಂದು ಕಿಟಕಿಯತ್ತ ತಿರುಗಿದ. ಹೊರಗೆ ಊರಿನ ಮೊದಲ ಮನೆಗಳು ಬಂದಿದ್ದವು, ಯಾರೋ ಮೆಟ್ಟಿಲು ತೊಳೆಯುತ್ತಿದ್ದರು.